ಗಡುವಿನ ಟಾಸ್ಕ್ ಅನ್ನು ಒಂದು ಕೋರ್‌ಗೆ ಕಟ್ಟಿಹಾಕಲು ಕರ್ನಲ್ ಏಕೆ ಒಪ್ಪುವುದಿಲ್ಲ?

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒಂದು ಟಾಸ್ಕ್‌ಗೆ, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಮಿಗೆ, ಗಡುವು ಗೊತ್ತುಮಾಡಬಹುದು. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಇದಕ್ಕೆ 6 ಮಿಲಿಸೆಕೆಂಡ್ ಪ್ರೊಸೆಸರ್ ಸಮಯ ಸಿಗಬೇಕು ಎಂದು ಕೇಳಿದರೆ ಆ ವ್ಯವಸ್ಥೆಯ ತಿರುಳಾದ ಕರ್ನಲ್ ಲೆಕ್ಕ ಹಾಕಿ ನೋಡಿ ಒಪ್ಪುತ್ತದೆ, ಇಲ್ಲವೇ ಆಗದು ಎನ್ನುತ್ತದೆ. ಒಂದು ಟಾಸ್ಕ್ ಪ್ರೊಸೆಸರ್‌ನ ಇಂಥದೇ ಕೋರ್‌ನಲ್ಲಿ (ಸ್ವತಂತ್ರವಾಗಿ ಕೆಲಸ ಮಾಡುವ ಘಟಕದಲ್ಲಿ) ಓಡಬೇಕು ಎಂದು ಕಟ್ಟಿಹಾಕಲೂ ಬಹುದು. ಎರಡು ಸೌಲಭ್ಯಗಳೂ ಪ್ರತ್ಯೇಕವಾಗಿ ಚೆನ್ನಾಗಿ ನಡೆಯುತ್ತವೆ. ಆದರೆ ಗಡುವು ಪಡೆದ ಟಾಸ್ಕ್ ಅನ್ನು 2ನೇ ಕೋರ್‌ಗೆ ಕಟ್ಟಲು ಹೋದರೆ ಕರ್ನಲ್ ‘ಇಬ್ಯುಸಿ’, ಅಂದರೆ ಬಿಡುವಿಲ್ಲ, ಎಂಬ ದೋಷಸಂಕೇತ ಕೊಟ್ಟು ತಿರಸ್ಕರಿಸುತ್ತದೆ. ಮೊದಲೇ ಕಟ್ಟಿಟ್ಟು ಆಮೇಲೆ ಗಡುವು ಕೇಳಿದರೆ ‘ಇಪರ್ಮ್’, ಅಂದರೆ ಅನುಮತಿ ಇಲ್ಲ. ಕೇಳುತ್ತಿರುವವರು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರರೇ ಆದರೂ ಉತ್ತರ ಅದೇ.

ಕಾರವಾರ, ಕುಮಟಾ, ಶಿರಸಿಯ ಕಡೆಯಿಂದ ಇಂಜಿನಿಯರಿಂಗ್ ಓದಿ ರೋಬಾಟ್, ಡ್ರೋನ್, ವಾಹನ ನಿಯಂತ್ರಣದ ತಂತ್ರಾಂಶ ಬರೆಯುವ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಊರಿಗೆ ಬಂದಾಗ ನನ್ನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ‘ಮುಖ್ಯವಾದ ಕೆಲಸಕ್ಕೆ ಒಂದು ಕೋರ್ ಮೀಸಲಿಟ್ಟರೆ ಅದು ಇನ್ನಷ್ಟು ಭದ್ರವಾಗಬೇಕಲ್ಲವೇ, ಕರ್ನಲ್ ಯಾಕೆ ಬೇಡ ಅನ್ನುತ್ತದೆ?’ ಎಂಬುದು ಅವರ ತಕರಾರು. ಪಠ್ಯಪುಸ್ತಕಗಳು ಶೆಡ್ಯೂಲಿಂಗ್ (ಯಾವ ಟಾಸ್ಕ್ ಯಾವಾಗ ಓಡಬೇಕೆಂಬ ನಿರ್ಧಾರ) ಅಧ್ಯಾಯವನ್ನು ಬಹುಪಾಲು ಒಂದೇ ಪ್ರೊಸೆಸರ್ ಇಟ್ಟುಕೊಂಡು ವಿವರಿಸುತ್ತವೆ. ಕೋರ್‌ಗಳು ನಾಲ್ಕಾದಾಗ, ಎಂಟಾದಾಗ ಆ ಅಧ್ಯಾಯದ ಅರ್ಧ ಮಾತುಗಳು ಸುಳ್ಳಾಗುತ್ತವೆ ಎಂಬುದನ್ನು ಯಾರೂ ಅವರಿಗೆ ಕೂತು ಹೇಳಿರುವುದಿಲ್ಲ. ಹಾಗಾಗಿ ಇದನ್ನು ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಕಟ್ಟಿಹಾಕುವ ವಿಚಾರ. ಇದಕ್ಕೆ ಪ್ರೊಸೆಸರ್ ಅಫಿನಿಟಿ ಎನ್ನುತ್ತಾರೆ. ಪ್ರತಿ ಟಾಸ್ಕ್‌ಗೂ ಕರ್ನಲ್ ಒಂದು ಬಿಟ್‌ಗಳ ಪಟ್ಟಿ ಇಟ್ಟುಕೊಂಡಿರುತ್ತದೆ, ಕೋರ್‌ಗೆ ಒಂದರಂತೆ. ಬಿಟ್ 1 ಆಗಿದ್ದರೆ ಆ ಕೋರ್‌ನಲ್ಲಿ ಓಡಬಹುದು, 0 ಆಗಿದ್ದರೆ ಓಡುವಂತಿಲ್ಲ. ‘ಟಾಸ್ಕ್‌ಸೆಟ್’ ಎಂಬ ಆದೇಶ ಬದಲಿಸುವುದು ಈ ಪಟ್ಟಿಯನ್ನೇ. ಕಟ್ಟಿಹಾಕುವುದರಲ್ಲಿ ಲಾಭ ಇರುವುದು ಕ್ಯಾಶ್ ಮೆಮೊರಿಯ ದೆಸೆಯಿಂದ. ಪ್ರತಿ ಕೋರ್‌ಗೂ ತನ್ನದೇ ಆದ ಪುಟ್ಟ, ಅತಿ ವೇಗದ ಕ್ಯಾಶ್ ಇರುತ್ತದೆ. ಟಾಸ್ಕ್ ಓಡಿದಷ್ಟೂ ಅದರ ದತ್ತಾಂಶ ಅಲ್ಲಿ ಬಂದು ಕೂಡಿಕೊಳ್ಳುತ್ತದೆ. ಬೇರೆ ಕೋರ್‌ಗೆ ಹೋದರೆ ಅಲ್ಲಿ ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳಬೇಕು. ಒಂದು ಅಂದಾಜು ಹೇಳುತ್ತೇನೆ: 256 ಕಿಲೋಬೈಟ್ ದತ್ತಾಂಶ ಎಂದರೆ 64 ಬೈಟ್‌ನ 4,096 ಸಾಲುಗಳು. ಮುಖ್ಯ ಮೆಮೊರಿಯಿಂದ ಒಂದು ಸಾಲು ತರಲು ಸುಮಾರು 100 ನ್ಯಾನೋಸೆಕೆಂಡ್ ಬೇಕು ಎಂದಿಟ್ಟುಕೊಂಡು, ಒಂದರ ಹಿಂದೆ ಒಂದರಂತೆ ತಂದರೆ ಒಟ್ಟು 0.4 ಮಿಲಿಸೆಕೆಂಡ್. ಪ್ರೊಸೆಸರ್ ಮುಂದಾಲೋಚನೆಯಿಂದ ಹಲವು ಸಾಲುಗಳನ್ನು ಒಟ್ಟಿಗೆ ತರಿಸಿಕೊಳ್ಳುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆಯೇ. ಆದರೂ 10 ಮಿಲಿಸೆಕೆಂಡಿನ ಸುತ್ತಿನಲ್ಲಿ ಅದು ಕಡೆಗಣಿಸುವಂಥ ಮೊತ್ತವಲ್ಲ. ಆದ್ದರಿಂದ ಕಟ್ಟಿಹಾಕುವ ಆಸೆ ಸಹಜವಾದದ್ದು, ಅದರಲ್ಲಿ ತಪ್ಪಿಲ್ಲ.

ಇನ್ನು ಗಡುವು. ಸಾಮಾನ್ಯ ಶೆಡ್ಯೂಲರ್ ಎಲ್ಲರಿಗೂ ನ್ಯಾಯವಾಗಿ ಪಾಲು ಹಂಚುತ್ತದೆ. ಆದರೆ ಯಾವ ಹೊತ್ತಿನೊಳಗೆ ಎಂದು ಯಾರಿಗೂ ಮಾತು ಕೊಡುವುದಿಲ್ಲ. ಮೋಟಾರ್ ನಿಯಂತ್ರಿಸುವ ಪ್ರೋಗ್ರಾಮಿಗೆ ಅದು ಸಾಲದು. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ಇಬ್ಬರು ಸಂಶೋಧಕರು ಒಂದು ಸುಂದರವಾದ ಫಲಿತಾಂಶ ಕೊಟ್ಟರು. ಒಂದೇ ಪ್ರೊಸೆಸರ್ ಇದ್ದು, ಪ್ರತಿ ಟಾಸ್ಕ್‌ನ ಗಡುವು ಅದರ ಸುತ್ತಿನ ಕೊನೆಯೇ ಆಗಿರುವಾಗ, ಯಾರ ಗಡುವು ಅತಿ ಹತ್ತಿರವೋ ಅವರನ್ನೇ ಮೊದಲು ಓಡಿಸುತ್ತ ಹೋದರೆ, ಎಲ್ಲ ಟಾಸ್ಕ್‌ಗಳ ಬೇಡಿಕೆ ಸೇರಿ ಶೇ. 100 ಮೀರದಿದ್ದರೆ ಒಂದೂ ಗಡುವು ತಪ್ಪುವುದಿಲ್ಲ. ಸ್ಥಿರವಾದ ಆದ್ಯತೆ ಕೊಟ್ಟು ಓಡಿಸುವ ಪದ್ಧತಿಯಲ್ಲಿ ಟಾಸ್ಕ್‌ಗಳ ಸಂಖ್ಯೆ ಹೆಚ್ಚಿದಂತೆ ಇಂಥ ಖಚಿತ ಭರವಸೆಯ ಮಿತಿ ಶೇ. 69ರ ಹತ್ತಿರಕ್ಕೆ ಇಳಿಯುತ್ತದೆ. ಲಿನಕ್ಸ್‌ಗೆ ಈ ಗಡುವಿನ ನೀತಿ ಬಂದದ್ದು 2014ರ ಮಾರ್ಚಿನಲ್ಲಿ, 3.14ನೇ ಆವೃತ್ತಿಯಲ್ಲಿ. ಅದರ ಹಿಂದೆ ಇಟಲಿಯ ಪೀಸಾ ನಗರದ ಸಂಶೋಧಕರ ಹಲವು ವರ್ಷಗಳ ದುಡಿಮೆ ಇದೆ.

ನೀತಿಯ ಮೂರು ಸಂಖ್ಯೆಗಳನ್ನು ಅರ್ಥಮಾಡಿಕೊಳ್ಳಲು ನಮ್ಮ ಅಡಿಕೆ ಸೀಮೆಯ ಮಳೆಗಾಲಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಕೊಳೆರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ಆಮೇಲೆ ಸುಮಾರು 40 ದಿನಗಳಿಗೊಮ್ಮೆ. ಮರ ಏರಿ ಮದ್ದು ಹೊಡೆಯುವವನು ಕೊನೆಗೌಡ. ಒಂದು ತೋಟಕ್ಕೆ ಅವನ 5 ದಿನಗಳ ಕೆಲಸ ಬೇಕು ಎನ್ನಿ. ಆ 5 ದಿನವೇ ಓಡುವ ಸಮಯ, 40 ದಿನವೇ ಸುತ್ತು, ಇಂಥ ದಿನದೊಳಗೆ ಮುಗಿಯದಿದ್ದರೆ ಕೊನೆ (ಅಡಿಕೆ ಗೊನೆ) ಕೊಳೆಯುತ್ತದೆ ಎಂಬ ದಿನವೇ ಗಡುವು. ಕರ್ನಲ್ ಕೇಳುವುದೂ ಈ ಮೂರನ್ನೇ, ನ್ಯಾನೋಸೆಕೆಂಡುಗಳಲ್ಲಿ. ಓಡುವ ಸಮಯ ಗಡುವನ್ನು ಮೀರಬಾರದು, ಗಡುವು ಸುತ್ತನ್ನು ಮೀರಬಾರದು.

ಊರಿನಲ್ಲಿ ನಾಲ್ವರು ಕೊನೆಗೌಡರು, 20 ತೋಟಗಳು. ಪ್ರತಿ ತೋಟ ಒಬ್ಬನ ಸಮಯದಲ್ಲಿ ಎಂಟನೇ ಒಂದು ಪಾಲು ಕೇಳುತ್ತದೆ. ಒಟ್ಟು ಎರಡೂವರೆ ಜನರ ಕೆಲಸ, ಇರುವವರು ನಾಲ್ಕು. ಲೆಕ್ಕ ಸರಿಯಾಯಿತು. ಆದರೆ ಪ್ರತಿ ಮನೆಗೂ ತಲೆಮಾರಿನಿಂದ ಬರುವ ತಮ್ಮದೇ ಕೊನೆಗೌಡ ಇರುತ್ತಾನೆ. ಯಾವ ಮರ ಜಾರುತ್ತದೆ, ಯಾವ ಸಾಲಿನಲ್ಲಿ ಮರದಿಂದ ಮರಕ್ಕೆ ದಾಟಬಹುದು ಎಂಬುದು ಅವನಿಗೆ ಬಾಯಿಪಾಠ. ಹೊಸಬನಿಗೆ ಅದೇ ತೋಟಕ್ಕೆ ಹೆಚ್ಚು ಹೊತ್ತು ಬೇಕು. ಈ ಕಾರಣಕ್ಕೆ 12 ತೋಟದವರು ಒಬ್ಬನೇ ಬೇಕು ಎಂದು ಪಟ್ಟು ಹಿಡಿದರೆ? ಅವನ ತಲೆಯ ಮೇಲೆ 40 ದಿನದಲ್ಲಿ 60 ದಿನದ ಕೆಲಸ. ಊರಿನ ಒಟ್ಟು ಮೊತ್ತ ಮಾತ್ರ ಈಗಲೂ ಎರಡೂವರೆಯೇ, ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ.

ಕರ್ನಲ್ ಮಾಡುವುದು ಇದೇ ಊರಿನ ಮೊತ್ತದ ಲೆಕ್ಕ. ಹೊಸ ಟಾಸ್ಕ್ ಗಡುವು ಕೇಳಿದಾಗ ಅದರ ಓಡುವ ಸಮಯವನ್ನು ಸುತ್ತಿನಿಂದ ಭಾಗಿಸಿ, ಈಗಾಗಲೇ ಒಪ್ಪಿಕೊಂಡ ಟಾಸ್ಕ್‌ಗಳ ಮೊತ್ತಕ್ಕೆ ಸೇರಿಸುತ್ತದೆ. ಬಂದ ಮೊತ್ತವನ್ನು ಕೋರ್‌ಗಳ ಸಂಖ್ಯೆಯೊಂದಿಗೆ ಹೋಲಿಸುತ್ತದೆ. ಪೂರ್ತಿ ಸಂಖ್ಯೆಯೊಂದಿಗಲ್ಲ, ಅದರ ಶೇ. 95ರೊಂದಿಗೆ, ಉಳಿದ ಶೇ. 5 ಸಾಮಾನ್ಯ ಟಾಸ್ಕ್‌ಗಳು ಉಸಿರು ಕಟ್ಟದಿರಲಿ ಎಂದು. ಅಂದರೆ 4 ಕೋರ್‌ನ ಯಂತ್ರದಲ್ಲಿ ಮಿತಿ 3.8. ಒಂದೊಂದೂ ಶೇ. 60 ಬೇಡುವ ನಾಲ್ಕು ಟಾಸ್ಕ್‌ಗಳು ಬಂದರೆ ಮೊತ್ತ 2.4, ಬಾಗಿಲು ತೆರೆದಿದೆ. ಆ ನಾಲ್ಕನ್ನೂ 2ನೇ ಕೋರ್‌ಗೇ ಕಟ್ಟಿದರೆ ಅಲ್ಲಿ ಶೇ. 240ರ ಬೇಡಿಕೆ. ಒಪ್ಪಿಗೆ ಕೊಟ್ಟದ್ದು ಸುಳ್ಳಾಯಿತು. ಒಪ್ಪಿದ ಮೇಲೆ ಮಾತು ತಪ್ಪುವುದಕ್ಕಿಂತ ಮೊದಲೇ ಇಲ್ಲ ಎನ್ನುವುದನ್ನು ಕರ್ನಲ್ ಬರೆದವರು ಆರಿಸಿಕೊಂಡರು. ಆ ‘ಇಬ್ಯುಸಿ’ಯ ಅರ್ಥ ಇಷ್ಟೇ: ನಾನು ಕೂಡಿಸಿದ ಲೆಕ್ಕ ಎಲ್ಲ ಕೋರ್‌ಗಳಿಗೂ ಸೇರಿದ್ದು, ನೀವು ಟಾಸ್ಕ್ ಅನ್ನು ಕಟ್ಟಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಇಲ್ಲಿ ಜಾಣ ವಿದ್ಯಾರ್ಥಿಗಳು ಸುಮ್ಮನಾಗುವುದಿಲ್ಲ. ‘ಹಾಗಾದರೆ ಪ್ರತಿ ಕೋರ್‌ಗೂ ಬೇರೆ ಬೇರೆ ಲೆಕ್ಕ ಇಟ್ಟರಾಯಿತು’ ಎನ್ನುತ್ತಾರೆ. ಎಲ್ಲ ಟಾಸ್ಕ್‌ಗಳನ್ನೂ ಒಂದೊಂದು ಕೋರ್‌ಗೆ ಕಟ್ಟಿದ್ದರೆ ಅದು ಸರಿ. ಆದರೆ ಒಂದಕ್ಕೆ 0 ಮತ್ತು 1, ಇನ್ನೊಂದಕ್ಕೆ 1 ಮತ್ತು 2, ಮತ್ತೊಂದಕ್ಕೆ ಎಲ್ಲವೂ ಆಗಬಹುದು ಎಂದು ಪಟ್ಟಿಗಳು ಒಂದರ ಮೇಲೊಂದು ಹಾಯ್ದಾಗ ಕೋರ್‌ಗಳ ಪ್ರತಿಯೊಂದು ಗುಂಪನ್ನೂ ನೋಡಬೇಕಾಗುತ್ತದೆ. ಈ ಗುಂಪಿನ ಹೊರಗೆ ಕಾಲಿಡಲಾಗದ ಟಾಸ್ಕ್‌ಗಳ ಮೊತ್ತ ಗುಂಪಿನ ಗಾತ್ರವನ್ನು ಮೀರಬಾರದು, ಅದು ಕನಿಷ್ಠ ಅಗತ್ಯ. 4 ಕೋರ್‌ಗಳಲ್ಲಿ ಇಂಥ ಗುಂಪುಗಳು 15. 64 ಕೋರ್‌ಗಳಲ್ಲಿ 20 ಅಂಕಿಗಳ ಸಂಖ್ಯೆ. ಗಣಿತದಲ್ಲಿ ಇದಕ್ಕೆ ಹತ್ತಿರದ ದಾರಿಗಳಿವೆ. ಆದರೆ ಒಂದು ಸಿಸ್ಟಮ್ ಕಾಲ್‌ನ (ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆಯ) ಒಳಗೆ, ಉಳಿದವರನ್ನು ತಡೆದಿಡುವ ಲಾಕ್ ಹಿಡಿದುಕೊಂಡು, ಪ್ರತಿ ಸಲವೂ ಅದನ್ನು ಮಾಡುವುದು ಬೇರೆ ಮಾತು.

ಅದನ್ನೂ ಮಾಡಿದೆವು ಎನ್ನೋಣ. ಲೆಕ್ಕದಲ್ಲಿ ಸಾಧ್ಯ ಎಂದಾದದ್ದನ್ನು ಓಟದಲ್ಲಿ ಸಾಧಿಸಲು ಶೆಡ್ಯೂಲರ್‌ಗೂ ಬರಬೇಕಲ್ಲ. ಎರಡು ಕೋರ್ ಇವೆ. ‘ಅ’ ಎಂಬ ಟಾಸ್ಕ್‌ಗೆ ಎರಡೂ ಆಗಬಹುದು, ಅದು 0ಯಲ್ಲಿ ಓಡುತ್ತಿದೆ, ಗಡುವು 10 ಮಿಲಿಸೆಕೆಂಡ್ ದೂರ. 1ರಲ್ಲಿ ‘ಇ’ ಓಡುತ್ತಿದೆ, ಗಡುವು 30. ಈಗ 0ಗೆ ಮಾತ್ರ ಕಟ್ಟಿದ ‘ಉ’ ಎದ್ದು ಬಂತು, ಗಡುವು 20. ಅತಿ ಹತ್ತಿರದ ಗಡುವಿನ ಇಬ್ಬರು ‘ಅ’ ಮತ್ತು ‘ಉ’. ಅವರೇ ಓಡಬೇಕು. ಆದರೆ ‘ಉ’ಗೆ ಕಾಣುವುದು 0ಯಲ್ಲಿರುವ ‘ಅ’ ಮಾತ್ರ, ಅದರ ಗಡುವು ತನಗಿಂತ ಹತ್ತಿರ. ಹಾಗಾಗಿ ‘ಉ’ ಕಾಯುತ್ತದೆ, ಅದಕ್ಕಿಂತ ಅವಸರವಿಲ್ಲದ ‘ಇ’ ಪಕ್ಕದಲ್ಲಿ ಓಡುತ್ತಲೇ ಇರುತ್ತದೆ. ‘ಅ’ವನ್ನು 1ಕ್ಕೆ ಸರಿಸಿ, ‘ಇ’ಯನ್ನು ಇಳಿಸಿ, ‘ಉ’ಗೆ ಜಾಗ ಮಾಡಬೇಕಿತ್ತು. ಓಡುತ್ತಿರುವ ಟಾಸ್ಕ್ ಅನ್ನು ಇನ್ನೊಂದರ ಸಲುವಾಗಿ ಹೀಗೆ ಸರಪಳಿಯಂತೆ ಸರಿಸುವ ಕೆಲಸವನ್ನು ಲಿನಕ್ಸ್‌ನ ತಳ್ಳು-ಸೆಳೆ ಪದ್ಧತಿ ಮಾಡುವುದಿಲ್ಲ. ಕಾಯುತ್ತಿರುವವರನ್ನು ಮಾತ್ರ ಅದು ಬೇರೆ ಕೋರ್‌ಗೆ ತಳ್ಳುತ್ತದೆ, ಇಲ್ಲವೇ ಬೇರೆ ಕೋರ್‌ನಿಂದ ಸೆಳೆದುಕೊಳ್ಳುತ್ತದೆ. ಎಲ್ಲರೂ ಎಲ್ಲ ಕಡೆ ಓಡಬಹುದಾದಾಗ ಈ ತೊಡಕು ಹುಟ್ಟುವುದೇ ಇಲ್ಲ, ಏಕೆಂದರೆ ‘ಉ’ ನೇರವಾಗಿ 1ಕ್ಕೆ ಹೋಗಿ ‘ಇ’ಯನ್ನು ಇಳಿಸುತ್ತಿತ್ತು.

ಹಾಗೆಂದು ಕಟ್ಟದೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಇದು ಈ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ. 1973ರ ಶೇ. 100ರ ಫಲಿತಾಂಶ ಒಂದೇ ಪ್ರೊಸೆಸರ್‌ಗೆ ಸೇರಿದ್ದು. ಹಲವು ಪ್ರೊಸೆಸರ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಮುರಿಯಬಹುದು ಎಂಬುದನ್ನು 1978ರಲ್ಲಿ ಧಲ್ ಮತ್ತು ಲಿಯು ತೋರಿಸಿದರು. 4 ಕೋರ್ ತೆಗೆದುಕೊಳ್ಳಿ. ಪುಟ್ಟ ಟಾಸ್ಕ್‌ಗಳು ನಾಲ್ಕು, ಪ್ರತಿಯೊಂದಕ್ಕೂ 99 ಮಿಲಿಸೆಕೆಂಡಿಗೊಮ್ಮೆ 1 ಮಿಲಿಸೆಕೆಂಡ್ ಸಾಕು. ದೊಡ್ಡದು ಒಂದೇ, ಅದಕ್ಕೆ 100 ಮಿಲಿಸೆಕೆಂಡಿನಲ್ಲಿ ಪೂರ್ತಿ 100 ಬೇಕು. ಐದೂ ಒಟ್ಟಿಗೆ ಬಂದವು. ಪುಟ್ಟವುಗಳ ಗಡುವು 99, ದೊಡ್ಡದರದು 100. ಹತ್ತಿರದ ಗಡುವಿನ ನಾಲ್ಕು ಪುಟ್ಟವೇ ನಾಲ್ಕೂ ಕೋರ್ ಹಿಡಿದವು. 1 ಮಿಲಿಸೆಕೆಂಡ್ ಕಳೆದ ಮೇಲೆ ದೊಡ್ಡದಕ್ಕೆ ಅವಕಾಶ, ಅದು ಮುಗಿಯುವುದು 101ಕ್ಕೆ. ಗಡುವು ತಪ್ಪಿತು. ಒಟ್ಟು ಬೇಡಿಕೆ ಎಷ್ಟು ಗೊತ್ತೇ? 4 ಕೋರ್‌ಗಳಲ್ಲಿ 1.04ರಷ್ಟು ಮಾತ್ರ. ಯಂತ್ರದ ಮುಕ್ಕಾಲು ಪಾಲು ಖಾಲಿ ಕುಳಿತಿರುವಾಗಲೇ ಗಡುವು ತಪ್ಪಿದೆ. ದೊಡ್ಡದಕ್ಕೆ ಒಂದು ಕೋರ್ ಬಿಟ್ಟುಕೊಟ್ಟು, ಪುಟ್ಟ ನಾಲ್ಕನ್ನು ಇನ್ನೊಂದರಲ್ಲಿ ಹಾಕಿದ್ದರೆ ಯಾವುದೂ ತಪ್ಪುತ್ತಿರಲಿಲ್ಲ.

ಇದರ ತಿರುಗುಮುರುಗು ಉದಾಹರಣೆಯೂ ಇದೆ. 2 ಕೋರ್, ಮೂರು ಟಾಸ್ಕ್, ಪ್ರತಿಯೊಂದಕ್ಕೂ 10 ಮಿಲಿಸೆಕೆಂಡಿನಲ್ಲಿ 6. ಮೊತ್ತ 1.8, ಮಿತಿ 1.9. ಇವನ್ನು ಕೋರ್‌ಗಳಿಗೆ ಹಂಚಿಕಟ್ಟಲು ಸಾಧ್ಯವೇ ಇಲ್ಲ. ಯಾವುದಾದರೂ ಒಂದು ಕೋರ್‌ಗೆ ಎರಡು ಬೀಳುತ್ತವೆ, ಅಲ್ಲಿ ಶೇ. 120 ಆಗುತ್ತದೆ, ಬಾಕಿ ಸುತ್ತಿನಿಂದ ಸುತ್ತಿಗೆ ಬೆಳೆಯುತ್ತದೆ. ಕಟ್ಟದೆ ಬಿಟ್ಟರೆ ಮೊದಲ ಎರಡು 0ಯಿಂದ 6ರವರೆಗೆ ಓಡುತ್ತವೆ, ಮೂರನೆಯದು 6ರಿಂದ 12ರವರೆಗೆ. 2 ಮಿಲಿಸೆಕೆಂಡ್ ತಡ. ಮುಂದಿನ ಸುತ್ತಿನಲ್ಲಿ ಲೆಕ್ಕ ಹಾಕಿ ನೋಡಿ, ಅದು 16ಕ್ಕೆ ಶುರುವಾಗಿ 22ಕ್ಕೆ ಮುಗಿಯುತ್ತದೆ. ಮತ್ತೆ 2 ಮಿಲಿಸೆಕೆಂಡೇ. ತಡವಾಗುತ್ತದೆ, ಆದರೆ ತಡ ಬೆಳೆಯುವುದಿಲ್ಲ. ಕಾಗದ ಪೆನ್ಸಿಲ್ ಹಿಡಿದು ಈ ಮೂರು ಗೆರೆಗಳನ್ನು ಎಳೆದು ನೋಡಬೇಕೆಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಒಂದು ಪುಟ ವಿವರಣೆಗಿಂತ ಆ ಗೆರೆಗಳು ಹೆಚ್ಚು ಕಲಿಸುತ್ತವೆ.

ಹಾಗಾದರೆ ಹಲವು ಕೋರ್‌ಗಳ ಯಂತ್ರದಲ್ಲಿ ಕರ್ನಲ್ ಕೊಡುವ ಮಾತು ನಿಜವಾಗಿ ಯಾವುದು? ಗಡುವು ಎಂದೂ ತಪ್ಪುವುದಿಲ್ಲ ಎಂದಲ್ಲ. ಮೊತ್ತ ಮಿತಿಯೊಳಗಿದ್ದರೆ ತಪ್ಪಿದರೂ ತಡ ಒಂದು ಎಲ್ಲೆಯೊಳಗೆ ಉಳಿಯುತ್ತದೆ, ಮತ್ತು ಒಬ್ಬರ ಅತಿಯಾಸೆ ಇನ್ನೊಬ್ಬರ ಪಾಲನ್ನು ತಿನ್ನುವುದಿಲ್ಲ. ಎರಡನೆಯದನ್ನು ಕಾಯುವುದು 1998ರಲ್ಲಿ ಅಬೆನಿ ಮತ್ತು ಬುಟ್ಟಾಝೋ ರೂಪಿಸಿದ ವಿಧಾನ. 6 ಮಿಲಿಸೆಕೆಂಡ್ ಕೇಳಿದ ಟಾಸ್ಕ್ ಅಷ್ಟನ್ನು ಬಳಸಿ ಮುಗಿಸಿದ ಕೂಡಲೇ ಅದನ್ನು ತಡೆದು ನಿಲ್ಲಿಸಲಾಗುತ್ತದೆ, ಮುಂದಿನ ಸುತ್ತಿನಲ್ಲಿ ಹೊಸ ಪಾಲು. ಬಹಳ ಹೊತ್ತು ಮಲಗಿ ಎದ್ದವರೂ ಹಳೆಯ ಗಡುವಿನ ನೆಪದಲ್ಲಿ ಮುನ್ನುಗ್ಗಲು ಆಗದು. ಬಾಕಿ ಉಳಿದ ಪಾಲು ಬಾಕಿ ಉಳಿದ ಹೊತ್ತಿಗೆ ಹೆಚ್ಚಾಯಿತು ಎನಿಸಿದರೆ ಗಡುವನ್ನೇ ಹೊಸದಾಗಿ ಬರೆಯಲಾಗುತ್ತದೆ. ಈ ವಿಧಾನ ಕೊಡುವ ರಕ್ಷಣೆ ಬಹಳ ದೊಡ್ಡದು ಎಂದು ನಾನು ನಂಬಿದ್ದೇನೆ. ಒಂದು ಟಾಸ್ಕ್ ಅನಂತ ಕುಣಿಕೆಯಲ್ಲಿ ಸಿಕ್ಕಿಕೊಂಡರೂ ಪಕ್ಕದವರ ಗಡುವಿಗೆ ಧಕ್ಕೆ ಇಲ್ಲ. ಟಾಸ್ಕ್‌ನ ಗಡುವು ಅದರ ಸುತ್ತಿಗಿಂತ ಚಿಕ್ಕದಾಗಿದ್ದಾಗ ಮಾತ್ರ ಎಚ್ಚರ ಬೇಕು. ಕರ್ನಲ್ ಭಾಗಿಸುವುದು ಸುತ್ತಿನಿಂದಲೇ, ಗಡುವಿನಿಂದಲ್ಲ. ಆಗ ಒಂದೇ ಕೋರ್ ಇದ್ದರೂ ಒಪ್ಪಿಗೆಯಷ್ಟನ್ನೇ ನಂಬಿ ಕೂರುವಂತಿಲ್ಲ, ನಮ್ಮ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ಈಗ ಮೊದಲಿನ ಆಸೆಗೆ ಬರೋಣ. ಮುಖ್ಯವಾದ ಕೆಲಸಕ್ಕೆ ಕೋರ್ ಮೀಸಲಿಡಲೇಬೇಕಾದರೆ? ದಾರಿ ಇದೆ. ಟಾಸ್ಕ್ ಅನ್ನು ಕಟ್ಟುವ ಬದಲು ಯಂತ್ರವನ್ನೇ ಪಾಲು ಮಾಡಬೇಕು. ಕರ್ನಲ್ ಲೆಕ್ಕ ಕೂಡಿಸುವುದು ರೂಟ್ ಡೊಮೈನ್ ಎಂಬ ಆವರಣದ ಒಳಗೆ. ಸಾಮಾನ್ಯವಾಗಿ ಇಡೀ ಯಂತ್ರವೇ ಒಂದು ಆವರಣ. ಕೋರ್‌ಗಳನ್ನು ಗುಂಪು ಮಾಡುವ ಸಿಪಿಯುಸೆಟ್ ಸೌಲಭ್ಯದಿಂದ 2 ಮತ್ತು 3ನೇ ಕೋರ್‌ಗಳನ್ನು ಪ್ರತ್ಯೇಕಿಸಿದರೆ ಅವಕ್ಕೆ ಬೇರೆಯದೇ ಆವರಣ, ಬೇರೆಯದೇ ಮೊತ್ತ, 1.9ರ ಬೇರೆಯದೇ ಮಿತಿ. ಒಂದೇ ಕೋರ್‌ನ ಆವರಣ ಮಾಡಿದರೆ 1973ರ ಖಚಿತ ಭರವಸೆ, ಸುತ್ತಿನ ಕೊನೆಯೇ ಗಡುವಾಗಿರುವ ಟಾಸ್ಕ್‌ಗಳಿಗೆ, ಶೇ. 95ರವರೆಗೆ ಮರಳಿ ಸಿಗುತ್ತದೆ. ದತ್ತಾಂಶ ಉಳಿದುಕೊಂಡು ಕ್ಯಾಶ್ ಬೆಚ್ಚಗೂ ಇರುತ್ತದೆ. ನಿಯಮ ಒಂದೇ: ಆವರಣದೊಳಗಿನ ಗಡುವಿನ ಟಾಸ್ಕ್ ಆ ಆವರಣದ ಎಲ್ಲ ಕೋರ್‌ಗಳಲ್ಲೂ ಓಡಲು ಸಿದ್ಧವಿರಬೇಕು. ಹೀಗೆ ಮಾಡಿದಾಗ ಲೆಕ್ಕದ ಬೇಲಿ ಮತ್ತು ಓಟದ ಬೇಲಿ ಒಂದೇ ಆಗುತ್ತವೆ. ಧಲ್ ಮತ್ತು ಲಿಯು ತೋರಿಸಿದಂಥ ತೊಂದರೆಗೂ ಇದೇ ಮದ್ದು, ದೊಡ್ಡ ಟಾಸ್ಕ್‌ನ ಬೇಡಿಕೆ ಶೇ. 95 ಮೀರದಿದ್ದರೆ. ಶೇ. 60ರ ಮೂರು ಟಾಸ್ಕ್‌ಗಳಂಥವನ್ನು ಮಾತ್ರ ಒಡೆಯದೆ ಒಂದೇ ಆವರಣದಲ್ಲಿ ಬಿಡಬೇಕು. ಯಾವುದನ್ನು ಎಲ್ಲಿ ಹಾಕಬೇಕೆಂಬ ನಿರ್ಧಾರ ಕಷ್ಟದ್ದು. ಅದನ್ನು ಕರ್ನಲ್ ನಮಗೇ ಬಿಟ್ಟಿದೆ, ಬಿಟ್ಟದ್ದು ಸರಿಯೆಂದೇ ನನಗೆ ತೋರುತ್ತದೆ. ಯಾವ ಕೆಲಸ ತಡವಾದರೆ ಏನಾಗುತ್ತದೆ ಎಂಬುದು ಆ ಯಂತ್ರ ಕಟ್ಟಿದವರಿಗೆ ಗೊತ್ತಿರುವಷ್ಟು ಕರ್ನಲ್‌ಗೆ ಗೊತ್ತಿರಲಾರದು.

ಇನ್ನೊಂದು ದಾರಿಯೂ ಇದೆ, ಅದನ್ನು ಹಲವರು ಅಂತರ್ಜಾಲದಲ್ಲಿ ಹುಡುಕಿ ಕಣ್ಣುಮುಚ್ಚಿ ಬಳಸುವುದರಿಂದ ಹೇಳಲೇಬೇಕು. ನೈಜ ಸಮಯದ ಟಾಸ್ಕ್‌ಗಳಿಗೆ ಎಷ್ಟು ಪಾಲು ಎಂದು ಹೇಳುವ ‘ಶೆಡ್ ಆರ್‌ಟಿ ರನ್‌ಟೈಮ್’ ಎಂಬ ವ್ಯವಸ್ಥೆಯಲ್ಲಿ 9,50,000ದ (ಮೇಲೆ ಹೇಳಿದ ಶೇ. 95 ಇದೇ) ಬದಲು -1 ಬರೆದರೆ ಕರ್ನಲ್ ಲೆಕ್ಕ ನೋಡುವುದನ್ನೇ ನಿಲ್ಲಿಸುತ್ತದೆ. ಆಗ ಗಡುವಿನ ಟಾಸ್ಕ್ ಅನ್ನು ಯಾವ ಕೋರ್‌ಗೆ ಬೇಕಾದರೂ ಕಟ್ಟಬಹುದು, ದೋಷಸಂಕೇತ ಬರುವುದಿಲ್ಲ. ಬರುವುದಿಲ್ಲ ಏಕೆಂದರೆ ಕರ್ನಲ್ ಇನ್ನು ಯಾವ ಮಾತನ್ನೂ ಕೊಟ್ಟಿಲ್ಲ. ಶೇ. 240ರ ಬೇಡಿಕೆಯನ್ನೂ ಅದು ಒಂದೇ ಕೋರ್‌ನಲ್ಲಿ ಸುಮ್ಮನೆ ಸೇರಿಸಿಕೊಳ್ಳುತ್ತದೆ. ತಮ್ಮ ಎಲ್ಲ ಟಾಸ್ಕ್‌ಗಳ ಲೆಕ್ಕವನ್ನು ಹೊರಗೇ ಪೂರ್ತಿಯಾಗಿ ಮಾಡಿಕೊಂಡವರಿಗೆ ಇದು ಸರಿಯಾದ ಆಯ್ಕೆ. ದೋಷಸಂಕೇತ ಕಾಣದಿರಲಿ ಎಂದಷ್ಟೇ ಬಯಸುವವರು ಇದರ ಹತ್ತಿರ ಹೋಗಬಾರದು.

ಕರ್ನಲ್ ತನ್ನ ನಿಯಮಕ್ಕೆ ತಾನೇ ಒಂದು ವಿನಾಯಿತಿ ಕೊಟ್ಟುಕೊಂಡಿದೆ. ಪ್ರೊಸೆಸರ್‌ನ ವೇಗವನ್ನು ಬೇಡಿಕೆಗೆ ತಕ್ಕಂತೆ ಏರಿಸಿ ಇಳಿಸುವ ಅದರ ಒಳಗಿನ ಒಂದು ಥ್ರೆಡ್ ಗಡುವಿನ ವರ್ಗದಲ್ಲೇ ಓಡುತ್ತದೆ, ಆದರೂ ಕೆಲವೇ ಕೋರ್‌ಗಳಿಗೆ ಕಟ್ಟಿರಬಹುದು. ಅದಕ್ಕೆ ಕೊಟ್ಟ ಓಡುವ ಸಮಯ, ಸುತ್ತು ಎರಡೂ ಹೆಸರಿಗೆ ಮಾತ್ರ, ಲೆಕ್ಕಕ್ಕೆ ಸೇರುವುದಿಲ್ಲ. ವೇಗ ಏರಿಸುವವನೇ ಗಡುವಿನ ಟಾಸ್ಕ್‌ಗಳ ಹಿಂದೆ ಸರದಿಯಲ್ಲಿ ನಿಂತರೆ ಅವರೆಲ್ಲರ ಗಡುವೂ ತಪ್ಪಬಹುದು ಎಂಬ ಕಾರಣಕ್ಕೆ ಮಾಡಿದ ಏರ್ಪಾಡು ಇದು. ಈ ವಿನಾಯಿತಿ ನಮಗೆ ದೊರೆಯುವಂಥದ್ದಲ್ಲ.

ಅದೇ ಮೊತ್ತದ ಲೆಕ್ಕ ಇನ್ನೂ ಒಂದು ಕಡೆ ತಲೆ ಎತ್ತುತ್ತದೆ. ಓಡುತ್ತಿರುವ ಯಂತ್ರದಲ್ಲಿ ಒಂದು ಕೋರ್ ಅನ್ನು ಸ್ಥಗಿತಗೊಳಿಸಲು ಹೋದಾಗ, ಉಳಿದ ಕೋರ್‌ಗಳಿಗೆ ಒಪ್ಪಿಕೊಂಡ ಗಡುವುಗಳ ಮೊತ್ತ ಹಿಡಿಸದಿದ್ದರೆ ಕರ್ನಲ್ ಅದಕ್ಕೂ ‘ಇಬ್ಯುಸಿ’ ಎನ್ನುತ್ತದೆ. ಸಿಪಿಯುಸೆಟ್‌ನಿಂದ ಕೋರ್ ಕಿತ್ತುಕೊಳ್ಳುವಾಗಲೂ ಇದೇ ಪರೀಕ್ಷೆ.

ಪ್ರಯತ್ನಿಸಿ ನೋಡುವವರಿಗೆ ಕ್ರಮ ಇದು. ಮೊದಲು ಟಾಸ್ಕ್‌ಗಳನ್ನು ಗುಂಪು ಮಾಡುವ ಸಿಗ್ರೂಪ್ ಸೌಲಭ್ಯದ ಎರಡನೇ ಆವೃತ್ತಿಯಲ್ಲಿ ಹೊಸ ಗುಂಪೊಂದನ್ನು ಮಾಡಿ, ಅದರ ‘ಸಿಪಿಯುಸೆಟ್ ಸಿಪಿಯುಸ್’ ಕಡತದಲ್ಲಿ ಕೋರ್‌ಗಳ ಸಂಖ್ಯೆ ಬರೆಯಿರಿ. ಆಮೇಲೆ ‘ಪಾರ್ಟಿಷನ್’ ಕಡತದಲ್ಲಿ ‘ರೂಟ್’ ಎಂದು ಬರೆದು, ಅದನ್ನೇ ಮತ್ತೆ ಓದಿ ನೋಡಿ. ಅಮಾನ್ಯ (‘ಇನ್‌ವ್ಯಾಲಿಡ್’) ಎಂಬ ಪದ ಜೊತೆಗೆ ಬಂದಿದ್ದರೆ ಆವರಣ ಆಗಿಲ್ಲ ಎಂದರ್ಥ. ಟಾಸ್ಕ್ ಇನ್ನೂ ಸಾಮಾನ್ಯ ನೀತಿಯಲ್ಲಿರುವಾಗಲೇ ಅದನ್ನು ಗುಂಪಿನೊಳಗೆ ಸೇರಿಸಿ. ಗಡುವು ಕೇಳುವುದು ಕಟ್ಟಕಡೆಗೆ. ಮಕ್ಕಳ ಪ್ರೊಸೆಸ್‌ಗಳನ್ನು ಹುಟ್ಟಿಸಬೇಕಾದ ಪ್ರೋಗ್ರಾಮ್ ಆಗಿದ್ದರೆ ಅದನ್ನು ಗಡುವು ಕೇಳುವ ಮೊದಲೇ ಮುಗಿಸಿಕೊಳ್ಳಿ, ಇಲ್ಲವೇ ಹುಟ್ಟಿದವು ಸಾಮಾನ್ಯ ನೀತಿಗೆ ಮರಳಲಿ ಎಂಬ ಗುರುತನ್ನು ಗಡುವು ಕೇಳುವಾಗಲೇ ಸೇರಿಸಿ. ಆ ಗುರುತಿಲ್ಲದ ಗಡುವಿನ ಟಾಸ್ಕ್ ಫೋರ್ಕ್ ಮಾಡಲು, ಅಂದರೆ ಮಗು ಪ್ರೊಸೆಸ್ ಹುಟ್ಟಿಸಲು, ಹೋದರೆ ಕರ್ನಲ್ ಬಿಡುವುದಿಲ್ಲ. ಕಾರಣ ಇಲ್ಲೂ ಅದೇ: ಹುಟ್ಟುವ ಪ್ರತಿಯೊಂದು ಮಗುವೂ ಯಾರೂ ಕೂಡಿಸಿರದ ಇನ್ನೊಂದು ಪಾಲನ್ನು ಬೇಡುತ್ತದೆ.